ಬೀದಿಯನ್ನು ಅಳೆದಿಡುವ ಕೆಲಸ

ಪ್ರಶ್ನೆ: ನಾವು ಬೆಂಗಳೂರಿನ ಬಸವನಗುಡಿಯಲ್ಲಿ ಮೂರು ತಲೆಮಾರುಗಳಿಂದ ವಾಸವಾಗಿದ್ದೇವೆ. ನಮ್ಮ ಅಡ್ಡರಸ್ತೆಯ ಹಳೆಯ ಹಂಚಿನ ಮನೆಗಳಲ್ಲಿ ಈಗ ಉಳಿದಿರುವುದು ಐದು ಮಾತ್ರ. ಕಂಪ್ಯೂಟರಿನಲ್ಲಿ ಅವುಗಳ ತ್ರಿಆಯಾಮದ ಮಾದರಿಯನ್ನು ಸಿದ್ಧಪಡಿಸಿ ಜನರಿಗೆ ತೋರಿಸಿದರೆ ಇವನ್ನಾದರೂ ಉಳಿಸಿಕೊಳ್ಳಬಹುದೇ? ಇದು ನಮ್ಮಂಥ ಸಾಮಾನ್ಯರ ಕೈಲಾಗುವ ಕೆಲಸವೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಖಂಡಿತ ಕೈಲಾಗುತ್ತದೆ, ಆದರೆ ತಡಮಾಡಬೇಡಿ. ಮಾದರಿಯೊಂದೇ ಮನೆಯನ್ನು ಉಳಿಸುವುದಿಲ್ಲವಾದರೂ, ಉಳಿಸಬೇಕೆಂಬ ಮಾತಿಗೆ ಅದು ಕೊಡುವ ಬಲ ದೊಡ್ಡದು. ಏಕೆಂದರೆ ನಿಮ್ಮ ಬೀದಿಯ ಬೆಲೆ ಇರುವುದು ಯಾವುದೋ ಒಂದು ಮನೆಯಲ್ಲಲ್ಲ. 1898ರ ಪ್ಲೇಗಿನ ಹಾವಳಿಯಲ್ಲಿ ಪೇಟೆಯ ಇಕ್ಕಟ್ಟಾದ ಕೇರಿಗಳಲ್ಲಿ ಜನರು ಸತ್ತದ್ದನ್ನು ಕಂಡ ಮೇಲೆ, ಗಾಳಿ ಬೆಳಕು ಧಾರಾಳವಾಗಿರಬೇಕೆಂಬ ಉದ್ದೇಶದಿಂದ ಬಸವನಗುಡಿ, ಮಲ್ಲೇಶ್ವರಗಳು ರೂಪುಗೊಂಡವು. ನೇರವಾದ ರಸ್ತೆಗಳು, ಮನೆಯ ಸುತ್ತ ಬಿಟ್ಟ ಜಾಗ, ಮಲ ಸಾಗಿಸಲೆಂದು ಮನೆಯ ಹಿಂದೆ ಬಿಟ್ಟ ಕನ್ಸರ್ವೆನ್ಸಿ ಓಣಿ, ರಸ್ತೆಗೆ ಮುಖಮಾಡಿದ ಜಗಲಿ, ಇವೆಲ್ಲವೂ ಆ ಭೀತಿಗೆ ಊರು ಕಂಡುಕೊಂಡ ಉತ್ತರ. ಕಾನೂನಿನ ಕಣ್ಣಿಗೆ ಇದು ಸುಲಭವಾಗಿ ಬೀಳುವುದಿಲ್ಲ. ಪ್ರಾಚೀನ ಸ್ಮಾರಕಗಳ ಕುರಿತ 1958ರ ಕೇಂದ್ರ ಕಾಯ್ದೆಯಾಗಲಿ 1961ರ ರಾಜ್ಯ ಕಾಯ್ದೆಯಾಗಲಿ ಮುಖ್ಯವಾಗಿ ಕಾಪಾಡುವುದು ಸಂರಕ್ಷಿತವೆಂದು ಘೋಷಿಸಿದ ಸ್ಮಾರಕಗಳನ್ನು. ಒಬ್ಬ ಗೃಹಸ್ಥನ ಹಂಚಿನ ಮನೆ ಆ ಪಟ್ಟಿಗೆ ಸೇರುವುದು ಅಪರೂಪ. ಒಂದೊಂದೇ ಮನೆ ಕೆಡವಿದಾಗ ಯಾರಿಗೂ ಏನೂ ಅನ್ನಿಸುವುದಿಲ್ಲ. ಐದೂ ಮನೆಗಳನ್ನು ಸಾಲಾಗಿ, ಹಿಂದಿನ ಓಣಿಯ ಸಮೇತ ಒಟ್ಟಿಗೆ ತೋರಿಸುವ ಮಾದರಿಯನ್ನು ಕಂಡವರಿಗೆ ಮಾತ್ರ ಅಲ್ಲಿ ಒಂದು ಬೀದಿ ಇತ್ತೆಂಬುದು ಮನಸ್ಸಿಗೆ ತಟ್ಟುತ್ತದೆ.

ವಿಧಾನ ಸರಳವಾಗಿದೆ. ಒಂದೇ ವಸ್ತುವನ್ನು ಬೇರೆ ಬೇರೆ ಕಡೆಯಿಂದ ತೆಗೆದ ನೂರಾರು ಚಿತ್ರಗಳನ್ನು ಹೋಲಿಸಿ ಅದರ ಆಕಾರವನ್ನು ಲೆಕ್ಕಹಾಕುವ ಈ ಪದ್ಧತಿಗೆ ಫೋಟೋಗ್ರಾಮೆಟ್ರಿ ಎಂದು ಹೆಸರು. ಒಳ್ಳೆಯ ಮೊಬೈಲ್ ಕ್ಯಾಮೆರಾ ಸಾಕು. ಚಿತ್ರಗಳಿಂದ ಮಾದರಿ ಕಟ್ಟುವ ಮೆಶ್‌ರೂಮ್, ಅದನ್ನು ತಿದ್ದಿ ತೋರಿಸುವ ಬ್ಲೆಂಡರ್‌ನಂಥ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಒಂದು ಚಿತ್ರದಲ್ಲಿ ಕಂಡ ಭಾಗದ ಮುಕ್ಕಾಲು ಪಾಲು ಮುಂದಿನ ಚಿತ್ರದಲ್ಲೂ ಕಾಣುವಂತೆ ಸ್ವಲ್ಪಸ್ವಲ್ಪವೇ ಸರಿಯುತ್ತ ಹೋಗಬೇಕು. ಬಿಸಿಲು ಬಿದ್ದಾಗ ನೆರಳು ಗಂಟೆಗಂಟೆಗೂ ಜಾಗ ಬದಲಿಸುವುದರಿಂದ ಮೋಡ ಕವಿದ ಬೆಳಗಿನ ಹೊತ್ತೇ ಉತ್ತಮ. ಹೊಸಬರು ಸೋಲುವುದು ಸಾಮಾನ್ಯವಾಗಿ ಎರಡು ಕಡೆ. ಸುಣ್ಣ ಬಳಿದ ಬರಿಯ ಗೋಡೆಯಲ್ಲಿ ತಂತ್ರಾಂಶಕ್ಕೆ ಗುರುತು ಹಿಡಿಯಲು ಏನೂ ಸಿಗದೆ ಗೋಡೆ ಅಲೆಯಲೆಯಾಗಿ ಮೂಡುತ್ತದೆ. ಅಲ್ಲಿ ಕಾಗದದ ಚೂರುಗಳನ್ನು ಅಂಟಿಸಿಕೊಳ್ಳಿ. ನಡುಮನೆಯ ಕೆಂಪು ಸಿಮೆಂಟಿನ ನೆಲ ವರ್ಷಗಟ್ಟಲೆ ಒರೆಸಿ ಒರೆಸಿ ಕನ್ನಡಿಯಂತಾಗಿರುತ್ತದೆ. ಅದರಲ್ಲಿ ಕಾಣುವ ಕಿಟಕಿಯ ಪ್ರತಿಬಿಂಬವನ್ನು ತಂತ್ರಾಂಶವು ನೆಲದ ಕೆಳಗಿರುವ ಇನ್ನೊಂದು ಕಿಟಕಿ ಎಂದೇ ತಿಳಿಯುತ್ತದೆ. ಅಂಥ ಕಡೆ ಟೇಪು ಹಿಡಿದು ಕೈಯಿಂದಲೇ ಅಳೆಯುವುದು ಲೇಸು. ಹೇಗೂ ಪ್ರತಿ ಮನೆಯಲ್ಲೂ ಒಂದೆರಡು ಉದ್ದಗಳನ್ನು, ಉದಾಹರಣೆಗೆ ತಲೆಬಾಗಿಲಿನ ಅಗಲವನ್ನು, ಟೇಪಿನಿಂದ ಅಳೆದಿಡಲೇಬೇಕು. ಚಿತ್ರಗಳಿಂದ ಆಕಾರ ಸಿಗುತ್ತದೆಯೇ ಹೊರತು ನಿಜವಾದ ಅಳತೆ ತಾನಾಗಿ ಸಿಗುವುದಿಲ್ಲ. ಡ್ರೋನ್ ಬಳಸುವುದಾದರೆ 2021ರ ಡ್ರೋನ್ ನಿಯಮಗಳ ಪ್ರಕಾರ ನಿಮ್ಮ ಪ್ರದೇಶ ಯಾವ ವಲಯದಲ್ಲಿದೆ ಎಂಬುದನ್ನು ಮೊದಲು ನೋಡಿಕೊಳ್ಳಿ.

ಹೊರಗಿನ ಅಂದಕ್ಕೇ ನಿಲ್ಲಬೇಡಿ. ಮಂಕಿ ಟಾಪ್ ಎಂದು ಬೆಂಗಳೂರಿಗರು ಕರೆಯುವ, ಕಿಟಕಿಯ ಮೇಲೆ ಚೂಪಾಗಿ ಏರಿದ ಮರದ ಪಟ್ಟಿಗಳ ಮಾಡನ್ನು ಎಲ್ಲರೂ ಚಿತ್ರಿಸುತ್ತಾರೆ. ಮದ್ರಾಸ್ ತಾರಸಿಯ ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸಿದ ಬಗೆಯನ್ನಾಗಲಿ, ಬಚ್ಚಲಿನ ಹಂಡೆಯ ಒಲೆಯನ್ನಾಗಲಿ, ತುಳಿದು ತುಳಿದು ನಡುವೆ ಸವೆದ ಹೊಸ್ತಿಲನ್ನಾಗಲಿ ದಾಖಲಿಸುವವರು ಕಡಿಮೆ. ಮುಂದೆ ದುರಸ್ತಿಗೆ ಬರುವ ಗಾರೆಯವರಿಗೆ, ಬಡಗಿಗೆ ಬೇಕಾಗುವುದು ಇವೇ.

ಇನ್ನೊಂದು ವಿಷಯದಲ್ಲಿ ನನಗೆ ರಾಜಿಯಿಲ್ಲ. ಅಳೆದದ್ದು ಯಾವುದು, ಊಹಿಸಿದ್ದು ಯಾವುದು ಎಂಬುದು ಮಾದರಿಯಲ್ಲಿ ಸ್ಪಷ್ಟವಾಗಿ ಕಾಣಬೇಕು. ಈಗಾಗಲೇ ಬಿದ್ದುಹೋದ ಮನೆಯೊಂದನ್ನು ಹಳೆಯ ಫೋಟೋ ನೋಡಿ ಕಟ್ಟುವುದಾದರೆ ಅದಕ್ಕೆ ಬೇರೆ ಬಣ್ಣ ಕೊಡಿ. ಪರಂಪರೆಯ ಡಿಜಿಟಲ್ ಚಿತ್ರಣಕ್ಕಾಗಿ 2006ರಲ್ಲಿ ರೂಪುಗೊಂಡ ಲಂಡನ್ ಚಾರ್ಟರ್ ಎಂಬ ಮಾರ್ಗಸೂಚಿ ಒತ್ತಿಹೇಳುವುದೂ ಇದನ್ನೇ. ಚೆಂದಕ್ಕಾಗಿ ಸೇರಿಸಿದ ಒಂದು ಕಂಬ ಸಿಕ್ಕಿಬಿದ್ದರೆ ಸಾಕು, ಇಡೀ ದಾಖಲೆಯನ್ನೇ ಜನ ಸಂಶಯದಿಂದ ನೋಡುತ್ತಾರೆ.

ಮಾದರಿ ಸಿದ್ಧವಾದ ಮೇಲೆ ಅದನ್ನು ಮೊದಲು ತೋರಿಸಬೇಕಾದುದು ಅಧಿಕಾರಿಗಳಿಗಲ್ಲ, ಆ ಮನೆಗಳ ಯಜಮಾನರಿಗೆ. ಒಳಗಿನ ಕೋಣೆಗಳನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸಬೇಡಿ. ಆಸ್ತಿ ಪಾಲಾಗಿ, ಸೋರುವ ಮಾಡಿನ ಖರ್ಚು ಮೈಮೇಲೆ ಬಂದು ಮನೆ ಮಾರಲು ಹೊರಟವರನ್ನು ದೂಷಿಸಿ ಫಲವಿಲ್ಲ. ಹೆಂಚಿನ ಮಾಡನ್ನು ಉಳಿಸಿಕೊಂಡೇ ಹಿಂಬದಿಯಲ್ಲಿ ಎರಡು ಕೋಣೆ ಕಟ್ಟಬಹುದು ಎಂಬುದನ್ನು ಅದೇ ಮಾದರಿಯಲ್ಲಿ ಮಾಡಿ ತೋರಿಸಿದರೆ ಅವರು ಕೂತು ಕೇಳುತ್ತಾರೆ. ನಮ್ಮ ಊರಿನಲ್ಲೇ ಒಂದು ಮೇಲ್ಪಂಕ್ತಿಯಿದೆ: 1909ರಲ್ಲಿ ಸ್ಥಾಪನೆಯಾದ, ಇತಿಹಾಸ ಸಂಶೋಧನೆಯ ಸಂಸ್ಥೆಯಾದ ಮಿಥಿಕ್ ಸೊಸೈಟಿಯು ಬೆಂಗಳೂರು ಸುತ್ತಲಿನ ಶಾಸನಕಲ್ಲುಗಳನ್ನು ತ್ರಿಆಯಾಮದಲ್ಲಿ ಸ್ಕ್ಯಾನ್ ಮಾಡಿ ದಾಖಲಿಸುತ್ತಿದೆ.

ಪ್ರಶ್ನೆ: ನಿಖರವಾದ ಡಿಜಿಟಲ್ ಪ್ರತಿ ಇದ್ದ ಮೇಲೆ ಶಿಥಿಲ ಕಟ್ಟಡವನ್ನು ಕೆಡವಿದರೇನು ತಪ್ಪು ಎಂದು ಕೇಳುವವರಿಗೆ ಏನು ಹೇಳಬೇಕು?
– ಇನ್ನೊಬ್ಬ ಓದುಗರು, ಮೈಸೂರು

ಉತ್ತರ: ಪೋಲೆಂಡಿನ ವಾರ್ಸಾ ನಗರದ ಕಥೆಯನ್ನು ಹೇಳಿ. 1944ರಲ್ಲಿ ನಾತ್ಸಿ ಸೇನೆ ಅದರ ಹಳೆಯ ಪೇಟೆಯನ್ನು ನೆಲಸಮ ಮಾಡಿತು. ಅಲ್ಲಿನ ವಾಸ್ತುಶಿಲ್ಪ ವಿದ್ಯಾರ್ಥಿಗಳು ಮೊದಲೇ ಅಳೆದು ಬರೆದಿದ್ದ ನಕ್ಷೆಗಳು, 18ನೆಯ ಶತಮಾನದ ಚಿತ್ರಕಾರ ಬೆಲ್ಲೊಟ್ಟೊ ಬರೆದ ಆ ನಗರದ ವರ್ಣಚಿತ್ರಗಳು ಉಳಿದಿದ್ದುದರಿಂದ ಯುದ್ಧದ ನಂತರ ಅದನ್ನು ಮತ್ತೆ ಕಟ್ಟಲು ಸಾಧ್ಯವಾಯಿತು. 1980ರಲ್ಲಿ ಅದು ಯುನೆಸ್ಕೋ ಪಟ್ಟಿಗೂ ಸೇರಿತು. ಆ ನಕ್ಷೆಗಳನ್ನು ಬರೆದವರು ಊರು ಉಳಿಯಲಿ ಎಂದು ಬರೆದರೇ ವಿನಾ ಕೆಡವಲು ಅನುಮತಿಯೆಂದು ಬರೆದವರಲ್ಲ.

ನಿಮ್ಮ ಮೈಸೂರಿನಲ್ಲಿ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಅಪಾಯದ ಮಾತು ಸುಳ್ಳಲ್ಲ. ಆದ್ದರಿಂದಲೇ ಸ್ಕ್ಯಾನ್ ಬೇಕು. ಒಂದೇ ಗೋಡೆಯನ್ನು ಆರು ತಿಂಗಳಿಗೊಮ್ಮೆ ದಾಖಲಿಸಿ ಎರಡು ಮಾದರಿಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ, ಗೋಡೆ ಎತ್ತ ವಾಲುತ್ತಿದೆ, ಕಮಾನಿನ ಬಿರುಕು ಎಷ್ಟು ಬಾಯಿಬಿಟ್ಟಿದೆ ಎಂಬುದು ಬರಿಗಣ್ಣಿಗೆ ಗೊತ್ತಾಗುವ ಮೊದಲೇ ತಿಳಿಯುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಈ ಕೆಲಸ ಮಾಡಿ, ಆ ಹೋಲಿಕೆಯನ್ನು ಸಂರಕ್ಷಣೆಯಲ್ಲಿ ಅನುಭವವಿರುವ ಎಂಜಿನಿಯರರ ಮುಂದಿಡಿ.