ಜೋಡಿ ಎಕ್ಕ ಬಂದರೂ ಸೋಲುವುದು ಯಾಕೆ?

ಪ್ರಶ್ನೆ: ಶನಿವಾರ ರಾತ್ರಿ ನಾವು ಆರು ಜನ ಗೆಳೆಯರು ಟೆಕ್ಸಸ್ ಹೋಲ್ಡೆಮ್ ಪೋಕರ್ (ತಲಾ ಎರಡು ಎಲೆ ಕೈಯಲ್ಲಿ, ಐದು ಎಲೆ ಎಲ್ಲರಿಗೂ ಸೇರಿ ಮೇಜಿನ ಮೇಲೆ) ಆಡುತ್ತೇವೆ, ಬರೀ ಚಿಪ್ಸ್ ಲೆಕ್ಕಕ್ಕೆ. ಕಳಪೆ ಎಲೆ ಬಂದಾಗ ಹೋಗುವುದು ಸ್ವಲ್ಪವೇ. ಜೋಡಿ ಎಕ್ಕ, ಎಕ್ಕ-ರಾಜ ಬಂದಾಗಲೇ ಪೂರ್ತಿ ಖಾಲಿಯಾಗುತ್ತೇನೆ. ನನ್ನ ನಸೀಬೇ ಹಾಗಾ ಸರ್?
– ಓದುಗರು, ನ್ಯೂಜೆರ್ಸಿ

ಉತ್ತರ: ನಸೀಬಿನ ಮಾತು ಬಿಡಿ. ಒಳ್ಳೆ ಎಲೆ ಕಂಡ ತಕ್ಷಣ ಪಾಟ್ (ಮಧ್ಯದಲ್ಲಿ ಸೇರಿದ ಚಿಪ್ಸ್) ನನ್ನದೇ ಅಂತ ಮನಸ್ಸು ತೀರ್ಮಾನ ಮಾಡಿಬಿಡುತ್ತದೆ, ಆಮೇಲೆ ಮೇಜಿನ ಮೇಲೆ ಏನು ಬಿದ್ದರೂ ಕಣ್ಣಿಗೆ ಬೀಳುವುದಿಲ್ಲ. ತೊಂದರೆ ಇರುವುದು ಅಲ್ಲೇ.

ಜೋಡಿ ಎಕ್ಕ 221 ಸಲಕ್ಕೆ ಒಮ್ಮೆ ಬರುವಂಥದ್ದು. ಎದುರಿಗೆ ಒಬ್ಬನೇ ಇದ್ದು, ಅವನ ಕೈಯಲ್ಲಿ ಯಾವುದೋ ಎರಡು ಎಲೆ ಇದ್ದರೆ ನೂರಕ್ಕೆ ಸುಮಾರು 85 ಸಲ ನೀವೇ ಗೆಲ್ಲುತ್ತೀರಿ. ಅದೇ ಐದೂ ಜನ ಕೊನೆತನಕ ಉಳಿದರೆ ಆ 85 ಇಳಿದು 49ರ ಆಸುಪಾಸಿಗೆ ಬರುತ್ತದೆ. ಹಾಗಾಗಿ ಎಕ್ಕ ಬಂದಿದೆ ಅಂತ ಯಾರಿಗೂ ಗೊತ್ತಾಗದ ಹಾಗೆ ಸುಮ್ನೆ ಕಾಲ್ ಮಾಡಿ (ಎದುರಿನವರು ಹಾಕಿದಷ್ಟೇ ಹಾಕಿ) ಕೂರಬೇಡಿ. ಫ್ಲಾಪ್‌ಗೆ (ಮೇಜಿನ ಮೇಲೆ ಬೀಳುವ ಮೊದಲ ಮೂರು ಎಲೆ) ಮೊದಲೇ ಚೆನ್ನಾಗಿ ರೈಸ್ ಮಾಡಿ (ಬೆಟ್ ಏರಿಸಿ), ಜನ ಕಮ್ಮಿಯಾಗಲಿ.

ಒಂದು ಆಟ ನೋಡೋಣ. ನಿಮ್ಮ ಕೈಯಲ್ಲಿ ಇಸ್ಪೀಟ್ ಎಕ್ಕ, ಡೈಮಂಡ್ ಎಕ್ಕ. ಫ್ಲಾಪ್‌ನಲ್ಲಿ ಹಾರ್ಟ್ಸ್ 9, ಹಾರ್ಟ್ಸ್ 8, ಕ್ಲಾವರ್ 4. ನೀವು ಬೆಟ್ ಹಾಕಿದಿರಿ, ಒಬ್ಬ ಕಾಲ್ ಮಾಡಿದ. ಟರ್ನ್‌ಗೆ (ನಾಲ್ಕನೇ ಎಲೆ) ಹಾರ್ಟ್ಸ್ 7 ಬಿತ್ತು, ನೀವು ಮತ್ತೆ ಬೆಟ್ ಹಾಕಿದಿರಿ, ಅಷ್ಟು ಹೊತ್ತು ತೆಪ್ಪಗಿದ್ದವನು ಈಗ ದೊಡ್ಡದಾಗಿ ರೈಸ್ ಮಾಡಿದ. ನಿಮ್ಮ ಹತ್ತಿರ ಇರುವುದು ಒಂದೇ ಒಂದು ಜೋಡಿ. ಅವನಿಗೆ ಫ್ಲಶ್ (ಐದೂ ಎಲೆ ಒಂದೇ ಬಣ್ಣ, ಇಲ್ಲಿ ಹಾರ್ಟ್ಸ್) ಆಗಿದ್ದರೆ ರಿವರ್‌ಗೆ (ಐದನೇ, ಕೊನೆಯ ಎಲೆ) ಮೂರನೇ ಎಕ್ಕ ಬಂದರೂ ನೀವು ಗೆಲ್ಲುವುದಿಲ್ಲ. ಯಾವಾಗಲೂ ಸುಳ್ಳು ರೈಸ್ ಮಾಡುವವನಾದರೆ ಬೇರೆ ಮಾತು, ಅಪರೂಪಕ್ಕೆ ರೈಸ್ ಮಾಡುವವನಾದರೆ ಫೋಲ್ಡ್ ಮಾಡಿ (ಎಲೆ ಬಿಟ್ಟುಬಿಡಿ). ಹೊಟ್ಟೆ ಉರಿಯುತ್ತದೆ ನಿಜ, ಆದರೆ ಪೂರ್ತಿ ಖಾಲಿಯಾಗುವುದು ತಪ್ಪುತ್ತದೆ ಅಲ್ವಾ?

ಎಕ್ಕ-ರಾಜನ ಕಥೆ ಇನ್ನೂ ಬೇರೆ. ಅದು ಜೋಡಿಯೇ ಅಲ್ಲ, ಆಗಬೇಕು ಅಷ್ಟೇ. ಮೂರರಲ್ಲಿ ಎರಡು ಸಲ ಫ್ಲಾಪ್‌ನಲ್ಲಿ ಎಕ್ಕವೂ ಬರುವುದಿಲ್ಲ, ರಾಜನೂ ಬರುವುದಿಲ್ಲ. ಎರಡೂ ಬೇರೆ ಬೇರೆ ಬಣ್ಣದವಾದರೆ ಎದುರಿನವನ ಜೋಡಿ 2 ಕೂಡ ಲೆಕ್ಕದಲ್ಲಿ ಕೂದಲೆಳೆಯಷ್ಟು ಮುಂದಿರುತ್ತದೆ. ನನಗೆ ಇದಕ್ಕಿಂತ ಅಪಾಯದ್ದು ಅನ್ನಿಸುವುದು ಎಕ್ಕ-ಗುಲಾಮ. ಎಕ್ಕ ಬಿದ್ದಾಗ ಖುಷಿಯಾಗಿ ಚಿಪ್ಸ್ ಸುರಿಯುತ್ತೀರಿ, ಎದುರಿನವನಿಗೂ ಎಕ್ಕವೇ, ಆದರೆ ಜೊತೆಗೆ ರಾಣಿಯೋ ರಾಜನೋ ಇರುತ್ತದೆ. ಜೋಡಿ ಗುಲಾಮ ಬಂದಾಗಲೂ ಹುಷಾರು, ನೂರಕ್ಕೆ 57 ಸಲ ಫ್ಲಾಪ್‌ನಲ್ಲಿ ಅದಕ್ಕಿಂತ ದೊಡ್ಡ ಎಲೆ ಒಂದಾದರೂ ಬೀಳುತ್ತದೆ.

ಪ್ರಶ್ನೆ: ಎರಡೂ ಎಲೆ ಒಂದೇ ಬಣ್ಣ ಇದ್ದರೆ ಆಡಬಹುದಲ್ವಾ?
– ಇನ್ನೊಬ್ಬ ಓದುಗರು, ಮೈಸೂರು

ಉತ್ತರ: ಬಣ್ಣ ಒಂದೇ ಅನ್ನುವ ಒಂದೇ ಕಾರಣಕ್ಕೆ ಬೇಡ. ಫ್ಲಾಪ್‌ನಲ್ಲೇ ಫ್ಲಶ್ ಆಗುವುದು ನೂರಕ್ಕೆ ಒಂದು ಸಲವೂ ಇಲ್ಲ, ರಿವರ್‌ವರೆಗೆ ಕಾದರೂ ಆರು ಚಿಲ್ಲರೆ. ಯಾರೋ ದೊಡ್ಡವರು ಗೆದ್ದರು ಅನ್ನುವ ಕಾರಣಕ್ಕೂ ಬೇಡ. ಅಮೆರಿಕದ ಪೋಕರ್ ಆಟಗಾರ ಡಾಯ್ಲ್ ಬ್ರನ್ಸನ್ ಲಾಸ್ ವೇಗಸ್‌ನ ವಿಶ್ವ ಪೋಕರ್ ಸರಣಿಯನ್ನು 1976 ಮತ್ತು 1977ರಲ್ಲಿ ಗೆದ್ದಾಗ ಎರಡು ಸಲವೂ ಕೊನೆಯ ಆಟದಲ್ಲಿ ಅವರ ಕೈಯಲ್ಲಿದ್ದದ್ದು 10 ಮತ್ತು 2. ಆ ಎರಡು ಎಲೆಗಳಿಗೆ ಇವತ್ತಿಗೂ ಅವರ ಹೆಸರೇ ಇದೆ, ಅದನ್ನು ನಂಬಿ ಚಿಪ್ಸ್ ಹಾಕುವವರೂ ಇದ್ದಾರೆ. ನಿಮಗೆ ಬಂದರೆ ಫೋಲ್ಡ್ ಮಾಡಿ.