ಬೆಳಿಗ್ಗೆ ಗಡಿ ದಾಟಿದ್ರೆ ಸಂಜೆ ವಾಪಸ್ ಬಿಡ್ತಾರಾ?

ಪ್ರಶ್ನೆ: ಮಗಳು ಮ್ಯೂನಿಕ್‌ನಲ್ಲಿದಾಳೆ, ಮೇ ತಿಂಗಳಲ್ಲಿ ನಾನು, ಯಜಮಾನ್ರು ಅಲ್ಲಿಗೆ ಹೋಗ್ತಿದೀವಿ. ಮಧ್ಯೆ ನಾಲ್ಕು ದಿನ ಮೂರೂ ಜನಕ್ಕೆ ಕ್ರೊಯೇಷಿಯಾದ ಡುಬ್ರೊವ್ನಿಕ್‌ಗೆ ಟಿಕೆಟ್ ಮಾಡ್ಸಿದಾಳೆ. ಅಲ್ಲಿಂದ ಒಂದು ದಿನ ಪಕ್ಕದ ಮಾಂಟೆನೆಗ್ರೊಗೆ ಹೋಗಿ ಪೆರಾಸ್ಟ್, ಕೊಟೊರ್ ಅನ್ನೋ ಹಳೇ ಊರು ನೋಡ್ಕೊಂಡು ರಾತ್ರಿ ಊಟಕ್ಕೆ ವಾಪಸ್ ಬರಬಹುದಂತೆ. ಬೇರೆ ವೀಸಾ ಬೇಕಾ? ನನಗೆ ಮಂಡಿ ನೋವು ಬೇರೆ, ಅಷ್ಟು ಕಷ್ಟಪಟ್ಟು ಹೋಗೋವಂಥದ್ದು ಏನಿದೆ ಅಲ್ಲಿ?
- ಓದುಗರು, ದಾವಣಗೆರೆ

ಉತ್ತರ: ಮೇಡಂ, ಮೊದ್ಲು ಪಾಸ್‌ಪೋರ್ಟ್ ತೆಗೆದು ವೀಸಾ ಸ್ಟಿಕ್ಕರ್ ನೋಡಿ. ಎಷ್ಟು ಸಲ ಒಳಗೆ ಬರಬಹುದು ಅಂತ ಒಂದು ಕಾಲಂ ಇರುತ್ತೆ, ಅಲ್ಲಿ 01, 02 ಅಥವಾ ಮಲ್ಟ್ (ಅಂದ್ರೆ ಎಷ್ಟು ಸಲ ಬೇಕಾದ್ರೂ) ಅಂತ ಹಾಕಿರ್ತಾರೆ. ನಿಮ್ಮ ಪ್ರಶ್ನೆಗೆ ಉತ್ತರ ಇರೋದು ಅಲ್ಲೇ.

ಮಾಂಟೆನೆಗ್ರೊಗೆ ಹೋಗಕ್ಕೆ ಬೇರೆ ವೀಸಾ ಬೇಡ, ಚಾಲ್ತಿಯಲ್ಲಿರೋ ಶೆಂಗೆನ್ ವೀಸಾ (ಒಂದೇ ವೀಸಾದಲ್ಲಿ ಓಡಾಡೋ ಯುರೋಪ್ ದೇಶಗಳ ಗುಂಪಿನದ್ದು) ಇದ್ರೆ ನಮ್ಮ ಪಾಸ್‌ಪೋರ್ಟ್‌ನವರನ್ನ 30 ದಿನದವರೆಗೂ ಬಿಡ್ತಾರೆ. ತೊಂದ್ರೆ ಇರೋದು ವಾಪಸ್ ಬರೋದ್ರಲ್ಲಿ. ಕ್ರೊಯೇಷಿಯಾ 2023ರ ಜನವರಿ 1ರಿಂದ ಶೆಂಗೆನ್ ಒಳಗಿದೆ, ಮಾಂಟೆನೆಗ್ರೊ ಹೊರಗಿದೆ. ನೀವು ಬೆಳಿಗ್ಗೆ ಗಡಿ ದಾಟಿದ್ರಿ ಅಂದ್ರೆ ಶೆಂಗೆನ್‌ನಿಂದ ಆಚೆ ಹೋದ್ರಿ ಅಂತ ಲೆಕ್ಕ, ಸಂಜೆ ಬರೋದು ಹೊಸ ಎಂಟ್ರಿ. ಮ್ಯೂನಿಕ್‌ನಲ್ಲಿ ಇಳಿದಾಗ್ಲೇ ಒಂದು ಎಂಟ್ರಿ ಖರ್ಚಾಗಿರುತ್ತೆ (ಮ್ಯೂನಿಕ್‌ನಿಂದ ಡುಬ್ರೊವ್ನಿಕ್ ವಿಮಾನ ಲೆಕ್ಕಕ್ಕಿಲ್ಲ, ಅದು ಒಳಗೊಳಗೇ ಓಡಾಡಿದ ಹಾಗೆ), ಹಾಗಾಗಿ 02 ಅಥವಾ ಮಲ್ಟ್ ಇದ್ರೆ ಆರಾಮಾಗಿ ಹೋಗಿ ಬನ್ನಿ, 01 ಇದ್ರೆ ದಯವಿಟ್ಟು ಹೋಗ್ಬೇಡಿ, ಲಗೇಜೆಲ್ಲ ಡುಬ್ರೊವ್ನಿಕ್ ರೂಮಲ್ಲಿ, ನೀವು ಮಾತ್ರ ಆ ಕಡೆ. ಮಕ್ಕಳಿಗೆ ಇದು ಹೊಳೆಯಲ್ಲ, ಯಾಕಂದ್ರೆ ಅವರ ಹತ್ರ ಜರ್ಮನಿ ರೆಸಿಡೆನ್ಸ್ ಕಾರ್ಡ್ ಇರುತ್ತೆ, ಅವರು ಎಷ್ಟು ಸಲ ಬೇಕಾದ್ರೂ ಓಡಾಡಬಹುದು. ನಾನು ಹೋದ ಬಸ್ಸಲ್ಲೂ ಇದೇ ಆಗಿದ್ದು, ಹೊರಡೋ ಮುಂಚೆ ಗೈಡ್ ಎಲ್ಲರ ಪಾಸ್‌ಪೋರ್ಟ್ ತಿರುವಿ ನೋಡಿ ಒಬ್ಬ ಹಿರಿಯರನ್ನ ಇಳಿಸಿಬಿಟ್ಟಳು, ಮಗ ಸೊಸೆ ಮುಖ ನೋಡಕ್ಕಾಗ್ಲಿಲ್ಲ.

ಗಡಿಯಲ್ಲಿ ಸ್ವಲ್ಪ ತಾಳ್ಮೆ ಬೇಕು. ಕೊಟೊರ್ ಬರೀ 90 ಕಿಲೋಮೀಟರ್ ಸುಮಾರು, ಆದ್ರೆ ಬೇಸಿಗೆ ಸೀಸನ್‌ನಲ್ಲಿ ಚೆಕ್‌ಪೋಸ್ಟ್ ಕ್ಯೂನಲ್ಲೇ ಗಂಟೆಗಟ್ಟಲೆ ನಿಲ್ತೀರ, ಕ್ರೊಯೇಷಿಯಾದ್ದು ಒಂದು ಕೌಂಟರ್, ಮಾಂಟೆನೆಗ್ರೊದ್ದು ಇನ್ನೊಂದು. 2025ರ ಅಕ್ಟೋಬರ್ 12ರಿಂದ ಶೆಂಗೆನ್ ಗಡಿಗಳಲ್ಲಿ ಬೆರಳಚ್ಚು, ಫೋಟೋ ವ್ಯವಸ್ಥೆ ಬೇರೆ ಶುರುವಾಗಿದೆ. ಬೆಳಿಗ್ಗೆ ಏಳರ ಒಳಗೆ ಹೊರಡೋ ಬಸ್ ಹಿಡೀರಿ. ಹೋಗುವಾಗ ಬಲಗಡೆ ಕಿಟಕಿ ಸೀಟು, ಸಮುದ್ರ ಪೂರ್ತಿ ಆ ಕಡೆನೇ.

ಇನ್ನು ಏನಿದೆ ಅಂತ ಕೇಳಿದ್ರಲ್ಲ. ನನ್ನ ಕೇಳಿದ್ರೆ ಕೊಟೊರ್‌ಗಿಂತ ಪೆರಾಸ್ಟೇ ಹೆಚ್ಚು. ಒಂದೇ ರಸ್ತೆಯ ಊರು, ಎದುರಿಗೆ ಕೊಲ್ಲಿಯಲ್ಲಿ ಎರಡು ಪುಟ್ಟ ದ್ವೀಪ. ಅದ್ರಲ್ಲೊಂದು ದೇವರು ಮಾಡಿದ್ದಲ್ಲ, ಜನ ಮಾಡಿದ್ದು! 1452ರಲ್ಲಿ ಅಲ್ಲಿದ್ದ ಬಂಡೆ ಮೇಲೆ ಮೇರಿಮಾತೆ ಚಿತ್ರ ಸಿಕ್ತಂತೆ, ಆಮೇಲೆ ನಾವಿಕರು ಪ್ರತಿ ಸಲ ಕ್ಷೇಮವಾಗಿ ವಾಪಸ್ ಬಂದಾಗ ಕಲ್ಲು ತಂದು ಹಾಕ್ತಾ, ಹಳೇ ಹಡಗುಗಳಿಗೆ ಕಲ್ಲು ತುಂಬಿ ಮುಳುಗಿಸ್ತಾ ದ್ವೀಪನೇ ಎಬ್ಬಿಸಿ ಮೇಲೆ ಚರ್ಚ್ ಕಟ್ಟಿದಾರೆ. ಈಗ್ಲೂ ಪ್ರತಿ ಜುಲೈ 22ರ ಸಂಜೆ ದೋಣಿಗಳನ್ನ ಸಾಲಾಗಿ ಕಟ್ಕೊಂಡು ಹೋಗಿ ಕಲ್ಲು ಹಾಕ್ತಾರೆ. ಒಳಗೆ ಗೋಡೆ ತುಂಬ ಹಡಗಿನ ಚಿತ್ರ ಕೆತ್ತಿದ ಬೆಳ್ಳಿ ತಗಡುಗಳು, ನಮ್ಮ ಕುಕ್ಕೆಯಲ್ಲಿ ಬೆಳ್ಳಿ ನಾಗನ್ನ ಒಪ್ಪಿಸ್ತೀವಲ್ಲ, ಥೇಟ್ ಹಾಗೆ ಹರಕೆ.

ಅಲ್ಲೇ ಒಂದು ಕಸೂತಿ ಇದೆ, ಗಾಜಿನೊಳಗೆ. ಯಸಿಂತಾ ಕುನಿಚ್ ಅನ್ನೋ ಹೆಣ್ಣುಮಗಳು ಸಮುದ್ರಕ್ಕೆ ಹೋದವನಿಗೆ ಕಾಯ್ತಾ 25 ವರ್ಷ ಹೊಲಿದಿದ್ದಂತೆ, ಚಿನ್ನ ಬೆಳ್ಳಿ ದಾರದ ಜೊತೆ ತನ್ನ ಕೂದಲನ್ನೇ ಪೋಣಿಸಿದಾಳೆ. ಬಗ್ಗಿ ಹತ್ತಿರದಿಂದ ನೋಡಿ, ಸಣ್ಣ ದೇವತೆಗಳ ತಲೆ ಕೂದಲು ಕೆಲವಕ್ಕೆ ಕಪ್ಪು, ಕೆಲವಕ್ಕೆ ಬಿಳಿ. ಹೊಲೀತಾ ಹೊಲೀತಾ ಅವಳಿಗೇ ನರೆ ಬಂತು ಅಂತ ಹೇಳ್ತಾರೆ. ನಾನು ಅಲ್ಲಿಂದ ಕದಲಕ್ಕೇ ಹತ್ತು ನಿಮಿಷ ಆಯ್ತು, ಹಿಂದಿನೋರು ಬೈಕೊಂಡ್ರು. ದೋಣಿ ಐದು ನಿಮಿಷದ್ದು, ಹತ್ತಿ ಇಳಿಯೋವಾಗ ಮಾತ್ರ ಯಜಮಾನ್ರ ಕೈ ಹಿಡ್ಕೊಳಿ.

ಕೊಟೊರ್‌ನಲ್ಲಿ ಕೋಟೆ ಗೋಡೆ ಗುಡ್ಡದ ತುದಿವರೆಗೂ ಹೋಗುತ್ತೆ, 1350 ಮೆಟ್ಟಿಲು, ನಿಮ್ಮ ಮಂಡಿಗೆ ಬೇಡ, ಮಗಳನ್ನ ಕಳಿಸಿ. ನೀವು ಕೆಳಗಿನ ಹಳೇ ಊರಲ್ಲಿ ಅಡ್ಡಾಡಿ. 1420ರಿಂದ 1797ರವರೆಗೆ ವೆನಿಸ್‌ನವರ ಕೈಲಿದ್ದ ಊರು, ಚೌಕಗಳಿಗೆ ಹಿಟ್ಟಿನ ಚೌಕ, ಸೊಪ್ಪಿನ ಚೌಕ ಅನ್ನೋ ಥರದ ಹೆಸರು, ಅದೆಲ್ಲ ಸಂತೆ ಕಾಲದ್ದು. ಸಂತ ಟ್ರಿಫನ್ ಕೆಥೆಡ್ರಲ್ 1166ರದ್ದು, ಎದುರಿನ ಎರಡು ಗೋಪುರ ಮಾತ್ರ 1667ರ ಭೂಕಂಪದಲ್ಲಿ ಬಿದ್ದು ಮತ್ತೆ ಕಟ್ಟಿದ್ದು. 1979ರಲ್ಲಿ ಇನ್ನೊಂದು ಭೂಕಂಪ, ಅದೇ ವರ್ಷ ಯುನೆಸ್ಕೊ ಪಟ್ಟಿಗೂ ಸೇರ್ತು. ಎಲ್ಲಿ ನೋಡಿದ್ರೂ ಬೆಕ್ಕು, ಅಂಗಡಿಯವರ ಕುರ್ಚಿ ಮೇಲೆ ಬೆಕ್ಕು ಮಲ್ಗಿದ್ರೆ ಅಂಗಡಿಯವರೇ ನಿಂತ್ಕೊಂಡಿರ್ತಾರೆ.

ಪ್ರಶ್ನೆ: ನನ್ನದು ಸಿಂಗಲ್ ಎಂಟ್ರಿ ವೀಸಾ. ಕ್ರೊಯೇಷಿಯಾದ ಸ್ಪ್ಲಿಟ್‌ನಿಂದ ಬಾಡಿಗೆ ಕಾರಲ್ಲಿ ಡುಬ್ರೊವ್ನಿಕ್‌ಗೆ ಹೋಗ್ತೀನಿ. ಗಡಿ ಗೊಡವೆನೇ ಬೇಡ ಅಂದ್ರೆ ಏನು ನೋಡಬಹುದು?
- ಓದುಗರು, ಬೆಂಗಳೂರು

ಉತ್ತರ: ನಿಮಗೆ ಗೊತ್ತಿಲ್ದೇನೇ ಗಡಿ ಸಿಕ್ಕಿಬಿಡುತ್ತೆ ಸರ್, ಹುಷಾರು. ಸ್ಪ್ಲಿಟ್‌ನಿಂದ ಬರೋ ಹಳೇ ಕರಾವಳಿ ರಸ್ತೆ ನೆಯುಮ್ ಅನ್ನೋ ಊರಲ್ಲಿ ಬೋಸ್ನಿಯಾ ಒಳಗೆ ಹೋಗಿ ಬರುತ್ತೆ, ಅದೂ ಶೆಂಗೆನ್ ಆಚೆಯದ್ದೇ. 2022ರ ಜುಲೈನಲ್ಲಿ ಪೆಲ್ಯೆಶಾಟ್ಸ್ ಸೇತುವೆ ಓಪನ್ ಆದ್ಮೇಲೆ ಆ ತಾಪತ್ರಯ ಇಲ್ಲ, ಮ್ಯಾಪ್‌ನಲ್ಲಿ ಆ ಸೇತುವೆ ಮೇಲೇ ದಾರಿ ಹೋಗುತ್ತಾ ಅಂತ ಖಾತ್ರಿ ಮಾಡ್ಕೊಂಡು ಹೊರಡಿ. ದಾರಿಯಲ್ಲೇ ಸ್ಟೊನ್ ಸಿಗುತ್ತೆ, ಐದು ಕಿಲೋಮೀಟರಿಗೂ ಮೀರಿದ ಕಲ್ಲಿನ ಕೋಟೆ ಗೋಡೆ ಕಟ್ಟಿದ್ದು ಚಿನ್ನಕ್ಕಲ್ಲ, ಉಪ್ಪಿಗೆ! ಡುಬ್ರೊವ್ನಿಕ್ ಗಣರಾಜ್ಯದ ಬೊಕ್ಕಸ ತುಂಬಿಸಿದ ಉಪ್ಪಿನ ಆಗರ ಈಗ್ಲೂ ಇದೆ. ಗೋಕರ್ಣದ ಹತ್ರ ಸಾಣಿಕಟ್ಟಾ ಆಗರ ನೋಡಿದೀರಾದ್ರೆ ಆ ಚೌಕ ಚೌಕ ನೀರು ನೋಡಿದ ತಕ್ಷಣ ಗುರುತು ಸಿಗುತ್ತೆ. ಇನ್ನೊಂದು ದಿನ ದೋಣಿಯಲ್ಲಿ ತ್ಸಾವ್‌ಟಾಟ್‌ಗೆ ಹೋಗಿ, ಡುಬ್ರೊವ್ನಿಕ್ ಹತ್ರದ ಹಳೇ ಕರಾವಳಿ ಊರು, ಕ್ರೊಯೇಷಿಯಾ ಒಳಗೇ.

ಪ್ರಶ್ನೆ: ಕೊಟೊರ್ ಕಡೆ ಸಸ್ಯಾಹಾರಿಗಳಿಗೆ ಊಟ ಸಿಗುತ್ತಾ? ಯುರೋಪ್ ಸಿಮ್ ನಡೆಯುತ್ತಾ?
- ಓದುಗರು, ಶಿರಸಿ

ಉತ್ತರ: ದುಡ್ಡು ಎರಡೂ ಕಡೆ ಯೂರೋನೇ, ಸಿಮ್ ಮಾತ್ರ ಹಾಗಲ್ಲ, ಮಾಂಟೆನೆಗ್ರೊ ಯುರೋಪಿಯನ್ ಯೂನಿಯನ್‌ನಲ್ಲಿಲ್ಲ. ನಿಮ್ಮ ಪ್ಯಾಕ್‌ನಲ್ಲಿ ಆ ದೇಶದ ಹೆಸರಿಲ್ಲ ಅಂದ್ರೆ ಗಡಿಗೆ ಮುಂಚೆ ಡೇಟಾ ಆಫ್ ಮಾಡಿ, ನಾನು ಮಾಡ್ದೇ ಎರಡು ಫೋಟೋ ಕಳ್ಸಿದ್ದಕ್ಕೆ ಬಿಲ್ ನೋಡಿ ಎದೆ ಒಡೀತು.

ಊಟಕ್ಕೆ "ಬೆಜ್ ಮೆಸಾ" ಅನ್ನಿ, ಮಾಂಸ ಇಲ್ದೆ ಅಂತ. ಬ್ಲಿಟ್ವಾ ಅಂತ ಸೊಪ್ಪು ಆಲೂಗಡ್ಡೆ ಬೆಳ್ಳುಳ್ಳಿ ಹಾಕಿದ ಪಲ್ಯ ಸಿಗುತ್ತೆ, ನಮ್ಮ ನಾಲಿಗೆಗೆ ಸ್ವಲ್ಪ ಸಪ್ಪೆ, ಬ್ಯಾಗಲ್ಲಿ ಚಟ್ನಿಪುಡಿ ಇರ್ಲಿ. ಕಪ್ಪು ರಿಸೊಟ್ಟೊ ನೋಡಿ ಏನೋ ಕಪ್ಪಕ್ಕಿ ಅನ್ನ ಅಂದ್ಕೋಬೇಡಿ, ಅದು ಸಮುದ್ರದ ಕಪ್ಪೆಬೊಂಡಾಸ್ (ಕಟಲ್‌ಫಿಶ್) ಜಾತಿ ಪ್ರಾಣಿಯ ಶಾಯಿ. ಮೇಲಿನ ಬೆಟ್ಟದ ನ್ಯೆಗುಶಿ ಹಳ್ಳಿಯ ಚೀಸ್ ತುಂಬ ಚೆನ್ನಾಗಿರುತ್ತೆ, ಅಲ್ಲೇ ತಿಂದ್ಬಿಡಿ, ಹಾಲಿನ ಪದಾರ್ಥ, ಮಾಂಸ ಎರಡನ್ನೂ ಹೊರಗಿಂದ ಕ್ರೊಯೇಷಿಯಾ ಒಳಗೆ ತರೋ ಹಾಗಿಲ್ಲ. ನಾನು ಅರ್ಧ ಕೆಜಿ ಕಟ್ಟಿಸ್ಕೊಂಡಿದ್ದೆ, ಗೈಡ್ ಇದನ್ನ ಹೇಳಿದ್ದು ವಾಪಸ್ ಬರುವಾಗ ಗಡಿ ಕ್ಯೂನಲ್ಲಿ, ಇನ್ನೇನು ಮಾಡೋದು, ಪೇಪರ್ ಬಿಚ್ಚಿ ಇಡೀ ಬಸ್ಸಿಗೆ ಒಂದೊಂದು ಚೂರು ಹಂಚಿದೆ, ಡ್ರೈವರ್ ಎರಡು ತಗೊಂಡ.