ಬೆಳೆಗೆ ಎಣ್ಣೆ (ಕೀಟನಾಶಕ) ಹೊಡೆದ ಮೇಲೆ ಜೊಲ್ಲು, ನಡುಕ ಯಾಕೆ?

ನಮಸ್ಕಾರ ಸರ್. ದ್ರಾಕ್ಷಿಗೆ ಎಣ್ಣೆ ಹೊಡೆದು ಬಂದ ನಿಮ್ಮ ಕಾಕಾಗೆ ಜೊಲ್ಲು ಸುರಿದು ತೋಳು ಅದುರಿತು, ಔಷಧ ನರಕ್ಕೆ ಏನು ಮಾಡುತ್ತೆ ಅಂತ ಕೇಳಿದ್ದೀರಿ. ನಾನು ವಿಜಯಪುರದಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುವವನು, ಡಾಕ್ಟರ್ ಅಲ್ಲ. ತಿಕೋಟಾ ಕಡೆ ನಮ್ಮದೂ ಸ್ವಲ್ಪ ದ್ರಾಕ್ಷಿ ಇದೆ, ಆ ವಾಸನೆ ಗೊತ್ತು.

ನರ ಸ್ನಾಯುವಿಗೆ ಅಂಟಿಕೊಂಡಿರಲ್ಲ. ನಡುವೆ ಒಂದು ಸಂದಿ ಇರುತ್ತೆ, ಕೂದಲಿನ ದಪ್ಪದ ಸಾವಿರದಲ್ಲಿ ಒಂದು ಪಾಲಿನಷ್ಟು. ನರದ ಕರೆಂಟ್ ಅಲ್ಲಿಗೆ ನಿಲ್ಲುತ್ತೆ. ತುದಿಯಲ್ಲಿರುವ ಪುಟ್ಟ ಚೀಲಗಳು ಬಾಯಿ ಬಿಟ್ಟು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಸುರಿಯುತ್ತವೆ. ಅದು ಸಂದಿ ದಾಟಿ ಆಚೆ ದಡ ಮುಟ್ಟಿದರೆ ಸ್ನಾಯು ಸೆಳೆಯುತ್ತೆ. ಆಮೇಲೆ ಅಲ್ಲೇ ಕಾದಿರುವ ಕಿಣ್ವ ಅದನ್ನು ಮಿಲಿಸೆಕೆಂಡುಗಳಲ್ಲಿ ಕತ್ತರಿಸಿ ಹಾಕುತ್ತೆ.

ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕ ಆ ಕಿಣ್ವವನ್ನೇ ಹಿಡಿದು ಕೂರುತ್ತೆ. ಕರೆಗಂಟೆಯ ಬಟನ್ ಒಳಗೇ ಸಿಕ್ಕಿಹಾಕಿಕೊಂಡ ಹಾಗೆ ಅಲ್ವಾ! ಕತ್ತರಿಸೋರಿಲ್ಲದೆ ಅಸಿಟೈಲ್‌ಕೋಲಿನ್ ಅಲ್ಲೇ ಉಳಿಯುತ್ತೆ, ಗಂಟೆ ನಿಲ್ಲೋದೇ ಇಲ್ಲ. ಜೊಲ್ಲು, ಬೆವರಿನ ಗ್ರಂಥಿಗಳಿಗೂ ಅಸಿಟೈಲ್‌ಕೋಲಿನ್ನೇ ಸುದ್ದಿ ಒಯ್ಯುತ್ತೆ. ಅದಕ್ಕೇ ಎಲ್ಲ ಒಟ್ಟಿಗೆ ಸುರಿಯೋದು, ಕಣ್ಣಿನ ಪಾಪೆ ಚಿಕ್ಕದಾಗೋದು.

ಇದು ಸುಮ್ನೆ ಊಹೆಯಲ್ಲ. 1921ರಲ್ಲಿ ಓಟ್ಟೋ ಲೋವಿ ಎಂಬ ವಿಜ್ಞಾನಿ ಒಂದು ಕಪ್ಪೆಯ ಹೃದಯವನ್ನು ನರದ ಮೂಲಕ ನಿಧಾನ ಮಾಡಿ, ಅದರ ಸುತ್ತಲಿನ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದರು. ಅದೂ ನಿಧಾನವಾಯಿತು! ಅಂದರೆ ನರದ ಸುದ್ದಿ ಒಯ್ದದ್ದು ಆ ದ್ರವದಲ್ಲಿದ್ದ ರಾಸಾಯನಿಕ.

ಇದಕ್ಕೆ ಆಸ್ಪತ್ರೆಯಲ್ಲಿ ಕೊಡುವ ಅಟ್ರೋಪಿನ್ ಇಂಜೆಕ್ಷನ್ ಜೊಲ್ಲು ನಿಲ್ಲಿಸುತ್ತೆ, ಸ್ನಾಯುವಿನ ಅದುರು ನಿಲ್ಲಿಸಲ್ಲ. ಸ್ನಾಯುವಿನಲ್ಲಿ ಅಸಿಟೈಲ್‌ಕೋಲಿನ್ ಮುಟ್ಟುವ ಬಾಗಿಲೇ ಬೇರೆ, ಅಟ್ರೋಪಿನ್ ಅದನ್ನು ಮುಚ್ಚಲ್ಲ. ಈ ವಿಷ ಚರ್ಮದಿಂದಲೂ ಒಳಗೆ ಹೋಗುತ್ತೆ. ಮತ್ತೆ ಹೀಗಾದರೆ ತಕ್ಷಣ ಬಟ್ಟೆ ಬಿಚ್ಚಿಸಿ, ಸೋಪು ಹಚ್ಚಿ ತೊಳೆದು, ಕೀಟನಾಶಕದ ಬಾಟಲಿ ಸಮೇತ ಆಸ್ಪತ್ರೆಗೆ ಓಡಿ.